ಪಿಯಾನೋ ಜೊತೆಗಿನ ಬ್ರಾಮ್ಸ್ ರಿಕ್ವಿಯಂ: ಯಾವ ರೆಕಾರ್ಡಿಂಗ್ ಕೇಳಿ ತಯಾರಾಗಲಿ?

ಪ್ರಶ್ನೆ: ಸ್ಟುಟ್‌ಗಾರ್ಟ್ ಹತ್ತಿರದ ಊರಿನಿಂದ

ನಮಸ್ಕಾರ. ಇಲ್ಲಿನ ಹವ್ಯಾಸಿ ಕಾಯರ್ (ಹಲವು ಧ್ವನಿಗಳ ಗುಂಪುಗಾಯನ ತಂಡ) ಒಂದಕ್ಕೆ ಸೇರಿಕೊಂಡಿದ್ದೇನೆ. ನನ್ನದು ಆಲ್ಟೊ, ಅಂದರೆ ಹೆಂಗಸರ ಕೆಳಗಿನ ಧ್ವನಿ. ನವೆಂಬರ್ ಕೊನೆಗೆ ಇಲ್ಲಿ ತೀರಿಕೊಂಡವರನ್ನು ನೆನೆಯುವ ಭಾನುವಾರ ಇರುತ್ತದೆ. ಆ ದಿನ ಜರ್ಮನ್ ಸಂಗೀತಕಾರ ಬ್ರಾಮ್ಸ್‌ನ ‘ಜರ್ಮನ್ ರಿಕ್ವಿಯಂ’ ಅನ್ನುವ ಶೋಕದ ಗಾಯನಕೃತಿ ಹಾಡುತ್ತೇವೆ. ಆರ್ಕೆಸ್ಟ್ರಾ ಇಲ್ಲ. ಒಂದೇ ಪಿಯಾನೋ, ನುಡಿಸುವವರು ಇಬ್ಬರು. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೆ, ಸ್ಟಾಫ್ ನೊಟೇಶನ್ ನಿಧಾನಕ್ಕೆ ಓದುತ್ತೇನೆ. ಯಾವ ರೆಕಾರ್ಡಿಂಗ್ ಕೇಳಲಿ? ಪಿಯಾನೋದ್ದೇ ಕೇಳಬೇಕಾ, ಆರ್ಕೆಸ್ಟ್ರಾದ್ದಾ? ಹಾಡಿದವರು, ಕೇಳಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಮ್ಯೂನಿಕ್‌ನಿಂದ, ಟೆನರ್ ಹಾಡುವವರು

ಮೇಡಂ, ಪಿಯಾನೋ ಜೊತೆ ಹಾಡುವುದಾದರೆ ಪಿಯಾನೋ ರೆಕಾರ್ಡಿಂಗನ್ನೇ ಕೇಳಿ. ನಾನು ಎರಡೂ ಥರ ಹಾಡಿದ್ದೇನೆ. ಆರ್ಕೆಸ್ಟ್ರಾ ಇದ್ದಾಗ ವಿಯೋಲಾನೋ ಹಾರ್ನೋ ಯಾವುದಾದರೂ ಒಂದು ವಾದ್ಯ ನಮ್ಮ ಸ್ವರವನ್ನು ಹಿಡಿದುಕೊಂಡಿರುತ್ತದೆ. ಪಿಯಾನೋದಲ್ಲಿ ಒತ್ತಿದ ಕೂಡಲೇ ಸ್ವರ ಕರಗತೊಡಗುತ್ತದೆ. ಉದ್ದ ಸ್ವರವನ್ನು ಕೊನೆವರೆಗೂ ನಿಲ್ಲಿಸುವ ಕೆಲಸ ಪೂರ್ತಿ ಹಾಡುವವರದ್ದೇ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಮೊದಲು ಸುಸ್ತಾಗಿದ್ದು ಇದರಿಂದಲೇ.

ನನ್ನ ಮೊದಲ ಆಯ್ಕೆ ಲೊರಾನ್ಸ್ ಎಕಿಲ್ಬೆ ನಡೆಸಿದ ಫ್ರಾನ್ಸಿನ ಆಕ್ಸೆಂತುಸ್ ಕಾಯರ್‌ನದು. ಪಿಯಾನೋದಲ್ಲಿ ಬ್ರಿಜಿಟ್ ಆಂಜರೆ ಮತ್ತು ಬೋರಿಸ್ ಬೆರೆಜೊವ್ಸ್ಕಿ. ಒಂಟಿ ಹಾಡುಗಳಿಗೆ ಸಾಂಡ್ರಿನ್ ಪಿಯೋ, ಸ್ಟೆಫಾನ್ ದೆಗೂ. ಚಿಕ್ಕ ಗುಂಪು, ಎಲ್ಲರೂ ಪಳಗಿದವರು. ನಡುವಿನ ಧ್ವನಿಗಳು ಬಿಡಿಬಿಡಿಯಾಗಿ ಕೇಳುತ್ತವೆ. ಆಲ್ಟೊ ಎಲ್ಲಿ ಹೋಯಿತು ಅಂತ ಹುಡುಕಬೇಕಾಗಿಲ್ಲ.

ಇನ್ನೊಂದು ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜ್ ಕಾಯರ್‌ನದು, ಸ್ಟೀಫನ್ ಕ್ಲಿಯೋಬರಿ ನಡೆಸಿದ್ದು. ಕೇಳೋಕೆ ಬಹಳ ಚೆಂದ. ಆದರೆ ಅಲ್ಲಿ ಸೊಪ್ರಾನೊ (ಎಲ್ಲಕ್ಕಿಂತ ಮೇಲಿನ ಧ್ವನಿ) ಹಾಡುವವರು ಹುಡುಗರು, ಆಲ್ಟೊ ಹಾಡುವವರು ಗಂಡಸರು. ನಿಮ್ಮ ಗಂಟಲಿನ ಬಣ್ಣವೇ ಬೇರೆ. ಅಭ್ಯಾಸಕ್ಕೆ ಅದು ಬೇಡ, ಸಂಜೆ ಸುಮ್ನೆ ಕೂತು ಕೇಳಿ. ಹ್ಯಾರಿ ಕ್ರಿಸ್ಟಫರ್ಸ್ ಅವರ ದ ಸಿಕ್ಸ್‌ಟೀನ್ ಗುಂಪಿನದೂ ಇದೆ, ಅದೂ ಒಳ್ಳೆಯದೇ.

ಬೆಂಗಳೂರಿನಿಂದ, ಕೇಳುಗರು

ನಾನು ಸ್ವಲ್ಪ ಜಗಳಕ್ಕೆ ಬರುತ್ತೇನೆ. ಮೊದಲು ಆರ್ಕೆಸ್ಟ್ರಾದ್ದು ಕೇಳಿ. ಪಿಯಾನೋ ಆಮೇಲೆ.

ಯಾಕೆ ಅಂದರೆ, ಈ ಕೃತಿಯ ಬಣ್ಣ ಇರುವುದು ಅಲ್ಲಿ. ಮೊದಲ ಭಾಗದಲ್ಲಿ ಪಿಟೀಲುಗಳೇ ಇಲ್ಲ. ಬ್ರಾಮ್ಸ್ ಅವನ್ನು ಬೇಕೆಂದೇ ಬಿಟ್ಟಿದ್ದಾನೆ. ಪಿಟೀಲಿಗಿಂತ ಕೆಳಸ್ಥಾಯಿಯ ವಿಯೋಲಾ, ಚೆಲ್ಲೋಗಳ ಮಬ್ಬಿನಲ್ಲೇ ಆ ಭಾಗ ಸಾಗುತ್ತದೆ. ಎರಡನೇ ಭಾಗ ‘ಮನುಷ್ಯರೆಲ್ಲ ಹುಲ್ಲಿನ ಹಾಗೆ’ ಅನ್ನುವ ಮಾತಿನದು. ನಡಿಗೆ ಶವಯಾತ್ರೆಯದು, ತಾಳ ಮಾತ್ರ ಮೂರರದು. ಅಡಿಯಲ್ಲಿ ಟಿಂಪನಿ ಅನ್ನುವ ದೊಡ್ಡ ನಗಾರಿ ಮೆಲ್ಲಗೆ ಬಡಿಯುತ್ತಲೇ ಇರುತ್ತದೆ, ಬಿಡುವುದಿಲ್ಲ. ಪಿಯಾನೋದ ಕೆಳಸ್ವರವನ್ನು ಎಷ್ಟು ಒತ್ತಿದರೂ ಆ ನಡುಕ ಬರುವುದಿಲ್ಲ ರೀ. ಇದಕ್ಕೇ ಇರಬೇಕು, ಹೈನ್ರಿಖ್ ಪೋಸ್ ಅನ್ನುವವರು ಎರಡು ಪಿಯಾನೋ ಜೊತೆಗೆ ಟಿಂಪನಿಯನ್ನೂ ಇಟ್ಟು ಬೇರೆ ಆವೃತ್ತಿ ಮಾಡಿದ್ದಾರೆ. ನಿಮ್ಮ ಕಾಯರ್‌ನವರು ಯಾವುದು ಹಾಡಿಸುತ್ತಾರೆ ಕೇಳಿಕೊಳ್ಳಿ.

ಓಟೊ ಕ್ಲೆಂಪರರ್ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ 1961ರಲ್ಲಿ ಮಾಡಿದ್ದು ಈಗಲೂ ನನಗೆ ಮೊದಲನೆಯದು. ಎಲಿಜಬೆತ್ ಶ್ವಾರ್ಟ್ಸ್‌ಕಾಫ್, ಡೀಟ್ರಿಶ್ ಫಿಷರ್-ಡೀಸ್ಕಾವ್ ಹಾಡಿದ್ದಾರೆ. ಅಷ್ಟು ಭಾರ ಬೇಡ ಅಂದರೆ ಜಾನ್ ಎಲಿಯಟ್ ಗಾರ್ಡಿನರ್ ಅವರದು ಕೇಳಿ. ಅದರಲ್ಲಿ ಆ ಕಾಲದ ಮಾದರಿಯ ವಾದ್ಯಗಳು.

ಲಂಡನ್‌ನಿಂದ, ಪಿಯಾನೋ ನುಡಿಸುವವರು

ಬೆಂಗಳೂರಿನ ಸರ್, ಟಿಂಪನಿ ವಿಷಯ ಎತ್ತಿದ್ದೀರಿ. ಅದೇ ಟಿಂಪನಿ 1867ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಏನು ಮಾಡಿತು ಗೊತ್ತಲ್ವಾ? ಆಗ ಮೊದಲ ಮೂರು ಭಾಗ ಮಾತ್ರ ಹಾಡಿದ್ದರು. ಮೂರನೆಯದರ ಕೊನೆಗೆ ಒಂದು ಫ್ಯೂಗ್ ಇದೆ, ಅಂದರೆ ಒಂದೇ ಧಾಟಿಯನ್ನು ಧ್ವನಿಗಳು ಸರದಿಯಲ್ಲಿ ಎತ್ತಿಕೊಳ್ಳುವ ರಚನೆ. ಅದರ ಅಡಿಯಲ್ಲಿ 36 ಬಾರ್‌ಗಳ (ತಾಳದ ಆವರ್ತಗಳ) ಉದ್ದಕ್ಕೂ ‘ಡಿ’ ಸ್ವರ ಕದಲುವುದಿಲ್ಲ. ಟಿಂಪನಿಯವನು ಅದನ್ನು ಮೊದಲಿನಿಂದ ಕೊನೆವರೆಗೂ ಜೋರಾಗಿ ಬಾರಿಸಿಬಿಟ್ಟ. ಕಾಯರ್ ಹಾಡಿದ್ದು ಯಾರಿಗೂ ಕೇಳಲಿಲ್ಲ. ಸಭೆಯಲ್ಲಿ ಕೆಲವರು ಛೀ ಅಂದರು. ಪಿಯಾನೋದಲ್ಲಿ ಆ ಅಪಾಯ ಇಲ್ಲ. ಮೇಲೆ ನಾಲ್ಕು ಧ್ವನಿಗಳು ಒಂದರ ಬೆನ್ನಿಗೆ ಒಂದು ಹೋಗುವುದು ಸ್ಪಷ್ಟವಾಗಿ ಕೇಳುತ್ತದೆ. ಎಡಗಡೆ ಕೂತ ನನ್ನ ಕೈ ಮಾತ್ರ ಅದೇ ‘ಡಿ’ಯನ್ನು ಒತ್ತಿ ಒತ್ತಿ ಸೋಲುತ್ತದೆ!

ದುಡ್ಡಿಲ್ಲದ್ದಕ್ಕೆ ಪಿಯಾನೋ ಅಂತ ಯಾರೂ ತಿಳಿಯಬೇಡಿ. ನಾಲ್ಕು ಕೈಗಳ ಈ ಆವೃತ್ತಿಯನ್ನು ಬ್ರಾಮ್ಸ್ ತಾನೇ ಬರೆದದ್ದು. ರೆಕಾರ್ಡ್ ಇಲ್ಲದ ಕಾಲ. ದೊಡ್ಡ ಕೃತಿಯನ್ನು ಮನೆಯಲ್ಲಿ ಕೇಳಬೇಕೆಂದರೆ ಇಬ್ಬರು ಪಿಯಾನೋ ಮುಂದೆ ಕೂರಬೇಕಿತ್ತು. ಹಾಗಾಗಿ ಹಾಡುವವರ ಸ್ವರಗಳನ್ನೂ ಅದರಲ್ಲೇ ಸೇರಿಸಿದ್ದಾನೆ. ಕಾಯರ್ ಜೊತೆ ನುಡಿಸುವಾಗ ನಾವು ಎಷ್ಟೋ ಕಡೆ ಆ ಸ್ವರಗಳನ್ನು ತೆಗೆದು ತೆಳುವಾಗಿ ನುಡಿಸುತ್ತೇವೆ. ಎಲ್ಲ ರೆಕಾರ್ಡಿಂಗ್‌ನವರೂ ಒಂದೇ ರೀತಿ ತೆಗೆಯುವುದಿಲ್ಲ. ಹೋಲಿಸಿ ಕೇಳುವಾಗ ಇದನ್ನು ಗಮನಿಸಿ, ಮಜಾ ಇದೆ.

ಇದಕ್ಕೆ ‘ಲಂಡನ್ ಆವೃತ್ತಿ’ ಅನ್ನುವುದು 1871ರ ಜುಲೈಯಿಂದಾಗಿ. ಬ್ರಿಟನ್ನಿನಲ್ಲಿ ಈ ಕೃತಿ ಮೊದಲು ಕೇಳಿಸಿದ್ದು ಯಾವುದೋ ಸಭಾಂಗಣದಲ್ಲಲ್ಲ, ವಿಂಪೋಲ್ ಸ್ಟ್ರೀಟ್‌ನ ಒಂದು ಮನೆಯಲ್ಲಿ. ಮನೆ ಸರ್ಜನ್ ಸರ್ ಹೆನ್ರಿ ಥಾಮ್ಸನ್ ಅವರದು. ಹೆಂಡತಿ ಕೇಟ್ ಲೋಡರ್ ಒಳ್ಳೆಯ ಪಿಯಾನೋ ವಾದಕಿ. ಅವರ ಪಕ್ಕದಲ್ಲಿ ಕೂತು ನುಡಿಸಿದ್ದು ಸಿಪ್ರಿಯಾನಿ ಪಾಟರ್. ಆಗ ಅವರಿಗೆ 78 ವರ್ಷ. ಹರೆಯದಲ್ಲಿ ವಿಯೆನ್ನಾದಲ್ಲಿ ಬೀಥೋವನ್‌ನನ್ನೇ ಕಂಡಿದ್ದ ಮನುಷ್ಯ! ಆ ಸೆಪ್ಟೆಂಬರ್‌ನಲ್ಲೇ ತೀರಿಕೊಂಡರು. ನಡೆಸಿದವರು ಯೂಲಿಯಸ್ ಸ್ಟಾಕ್‌ಹೌಸನ್, ಬ್ಯಾರಿಟೋನ್ (ಗಂಡಸಿನ ಒಂಟಿ ಹಾಡು) ಹಾಡಿದವರೂ ಅವರೇ. 1868ರ ಗುಡ್ ಫ್ರೈಡೇ ದಿನ ಬ್ರೆಮೆನ್‌ನಲ್ಲಿ ಇದೇ ಕೃತಿಯನ್ನು ಬ್ರಾಮ್ಸ್ ಮುಂದೆ ನಿಂತು ಹಾಡಿದ್ದವರೂ ಇವರೇ. ಇನ್ನೊಂದು ತಮಾಷೆ: ಮೂರು ವರ್ಷ ಆದ ಮೇಲೆ, 1874ರಲ್ಲಿ, ಅದೇ ಥಾಮ್ಸನ್ ಇಂಗ್ಲೆಂಡಿನಲ್ಲಿ ಹೆಣ ಸುಡುವ ಪದ್ಧತಿ ಬರಲಿ ಅಂತ ಸಂಘ ಕಟ್ಟಿದರು. ಸಾವಿನ ವಿಷಯದಲ್ಲಿ ಆ ಮನೆಗೆ ಆಸಕ್ತಿ ಜಾಸ್ತಿಯೇ ಇತ್ತು.

ಮಂಗಳೂರಿನಿಂದ, ಚರ್ಚ್ ಕಾಯರ್‌ನವರು

ರೆಕಾರ್ಡಿಂಗ್ ಇರಲಿ ಮಾರಾಯ್ರೆ, ಮೊದಲು ಮಾತುಗಳನ್ನು ಓದಿ. ಇದು ಲ್ಯಾಟಿನ್ ಪೂಜೆಯ ರಿಕ್ವಿಯಂ ಅಲ್ಲ. ಬ್ರಾಮ್ಸ್ ತಾನೇ ಲೂಥರನ ಜರ್ಮನ್ ಬೈಬಲಿನಿಂದ ವಾಕ್ಯಗಳನ್ನು ಆರಿಸಿಕೊಂಡದ್ದು. ತೀರ್ಪಿನ ದಿನದ ಹೆದರಿಕೆ ಇಲ್ಲ, ಸತ್ತವರಿಗಾಗಿ ಬೇಡಿಕೆಯೂ ಇಲ್ಲ. ಶುರುವಾಗುವುದೇ ‘ದುಃಖಪಡುವವರು ಧನ್ಯರು’ ಅಂತ. ಉಳಿದವರ ಸಮಾಧಾನಕ್ಕೆ ಬರೆದ ಹಾಗಿದೆ. ಬ್ರಾಮ್ಸ್‌ನ ತಾಯಿ ತೀರಿಕೊಂಡದ್ದು 1865ರಲ್ಲಿ. ಐದನೇ ಭಾಗದಲ್ಲಿ ಸೊಪ್ರಾನೊ ಒಬ್ಬರೇ ಹಾಡುವಾಗ ಕೆಳಗಿನಿಂದ ಕಾಯರ್ ‘ತಾಯಿ ಸಂತೈಸುವ ಹಾಗೆ ನಿಮ್ಮನ್ನು ಸಂತೈಸುವೆ’ ಅನ್ನುತ್ತದೆ. ಆ ಭಾಗವನ್ನು ಆಮೇಲೆ ಸೇರಿಸಿದ್ದು, ಬ್ರೆಮೆನ್‌ನಲ್ಲಿ ಹಾಡಿದಾಗ ಅದು ಇರಲಿಲ್ಲ. ಏಳೂ ಭಾಗ ಒಟ್ಟಿಗೆ ಬಂದದ್ದು 1869ರ ಫೆಬ್ರುವರಿಯಲ್ಲಿ, ಲೈಪ್‌ಜಿಗ್‌ನಲ್ಲಿ.

ನಮ್ಮಲ್ಲಿ ಬಾಸೆಲ್ ಮಿಶನ್ ಕಾಲದಿಂದ ಜರ್ಮನ್ ಧಾಟಿಗಳಿಗೆ ಕನ್ನಡ ಕೀರ್ತನೆ ಹಾಡುವುದು ರೂಢಿ. ಹಾಗಾಗಿ ನಾಲ್ಕು ಧ್ವನಿ ನಮಗೆ ಹೊಸತಲ್ಲ. ನಿಮಗೆ ಹೊಸತಾದರೆ ಕನ್ನಡ ಬೈಬಲಿನಲ್ಲಿ ಅದೇ ವಾಕ್ಯಗಳನ್ನು ಹುಡುಕಿ ನಿಮ್ಮ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳಿ. ಏನು ಹಾಡುತ್ತಿದ್ದೇನೆ ಅಂತ ಗೊತ್ತಿದ್ದರೆ ಉಸಿರು ತಪ್ಪಾದ ಕಡೆ ಮುರಿಯುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಆಕ್ಸೆಂತುಸ್ ಕೇಳಲು ಶುರು ಮಾಡಿದೆ. ಎರಡನೇ ಭಾಗದ ನಡುವೆ ಮಳೆಯ ಮಾತು ಬರುವಾಗ ಪಿಯಾನೋ ಮೇಲಿನ ಸ್ವರಗಳನ್ನು ಬಿಡಿಬಿಡಿಯಾಗಿ ಉದುರಿಸುತ್ತದಲ್ಲ, ಅಲ್ಲಿ ಆರ್ಕೆಸ್ಟ್ರಾದಲ್ಲಿ ಏನಿರುತ್ತದೆ? ಇನ್ನೊಂದು ವಿಷಯ. ನಮ್ಮ ಕಂಡಕ್ಟರ್ (ಕಾಯರ್ ನಡೆಸುವವರು) ನನಗೆ ‘ಸ್ವರ ಅಲ್ಲಾಡುತ್ತಿದೆ’ ಅನ್ನುತ್ತಾರೆ. ಗಮಕದ ಅಭ್ಯಾಸ, ಏನು ಮಾಡಲಿ?

ಬೆಂಗಳೂರಿನಿಂದ, ಕೇಳುಗರು

ಅಲ್ಲಿ ಕೊಳಲು ಮತ್ತು ಹಾರ್ಪ್. ನಿಜ ಹೇಳಬೇಕೆಂದರೆ ಆ ಹನಿ ಪಿಯಾನೋದಲ್ಲೇ ಇನ್ನೂ ಚೆನ್ನಾಗಿದೆ. ಅಷ್ಟನ್ನು ಬಿಟ್ಟುಕೊಡುತ್ತೇನೆ. ಟಿಂಪನಿಯನ್ನು ಬಿಟ್ಟುಕೊಡುವುದಿಲ್ಲ.

ನೆದರ್‌ಲ್ಯಾಂಡ್ಸ್‌ನಿಂದ, ಮೈಸೂರಿನಲ್ಲಿ ಕಲಿತು ಈಗ ಆಲ್ಟೊ ಹಾಡುವವರು

ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಾವು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತೇವೆ. ಇಲ್ಲಿ ನೇರ ಹೋಗಿ ನಿಲ್ಲಬೇಕು. ತಂಬೂರಿ ಆ್ಯಪ್‌ನಲ್ಲಿ ಎಫ್ ಸ್ವರ ಇಟ್ಟುಕೊಳ್ಳಿ. ಮೊದಲ ಭಾಗದ ನಿಮ್ಮ ಸಾಲನ್ನು ಅಕ್ಷರ ಬಿಟ್ಟು ಬರೀ ‘ಊ’ ಅಂತ ಹಾಡಿ. ಪ್ರತಿ ಸ್ವರವೂ ಚಪ್ಪಟೆಯಾಗಿ, ಅಲುಗಾಡದೆ ಇರಲಿ. ಬೇಜಾರಾಗುತ್ತದೆ, ಆದರೆ ಕೆಲಸ ಆಗುತ್ತದೆ. ನಮ್ಮವರಿಗೆ ಒಂದು ಲಾಭವೂ ಇದೆ. ಶ್ರುತಿ ಜಾರಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಇದು ಯಾಕೆ ಮುಖ್ಯ ಅಂದರೆ ಮೊದಲ ಭಾಗದಲ್ಲಿ ಪಿಯಾನೋದ ಪೀಠಿಕೆ ಮುಗಿದು ಕಾಯರ್ ಬರುವಾಗ ಹಾಡು ಹೆಚ್ಚುಕಮ್ಮಿ ಬರಿಗಂಟಲಿನದು. ಪಿಯಾನೋ ಸುಮ್ಮನಿರುತ್ತದೆ, ಮತ್ತೆ ಬರುತ್ತದೆ. ಅಷ್ಟರಲ್ಲಿ ಕಾಯರ್ ಕೂದಲೆಳೆ ಕೆಳಗಿಳಿದಿದ್ದರೂ ಪಿಯಾನೋ ಬಂದ ಕೂಡಲೇ ಎಲ್ಲರಿಗೂ ಕೇಳಿಸುತ್ತದೆ. ಆರ್ಕೆಸ್ಟ್ರಾ ಆದರೆ ತಂತಿವಾದ್ಯದವರು ಸ್ವಲ್ಪ ಹೊಂದಿಸಿಕೊಳ್ಳಬಹುದು. ಪಿಯಾನೋಗೆ ಆ ದಾಕ್ಷಿಣ್ಯ ಇಲ್ಲ.

ಆರನೇ ಭಾಗಕ್ಕೆ ಶಕ್ತಿ ಉಳಿಸಿಕೊಳ್ಳಿ. ಕೊನೆಯ ತುತ್ತೂರಿಯ ಮಾತು, ‘ಸಾವೇ, ನಿನ್ನ ಕೊಂಡಿ ಎಲ್ಲಿ?’ ಅನ್ನುವ ಅಬ್ಬರ, ಎಲ್ಲ ಮುಗಿದು ಸಿ ಮೇಜರ್ ಫ್ಯೂಗ್ ಬರುತ್ತದೆ. ಅದನ್ನು ಶುರು ಮಾಡುವುದು ಆಲ್ಟೊಗಳೇ. ಕೂಗಿ ಕೂಗಿ ಗಂಟಲು ಬತ್ತಿದ ಹೊತ್ತಿಗೆ ಎಲ್ಲರಿಗಿಂತ ಮೊದಲು ನಾವು ಗಟ್ಟಿಯಾಗಿ ಎತ್ತಬೇಕು. ಪಿಯಾನೋ ಮಾತ್ರ ಇದ್ದಾಗ ನಮ್ಮನ್ನು ಮುಚ್ಚುವ ಹಿತ್ತಾಳೆ ವಾದ್ಯಗಳೂ ಇಲ್ಲ, ಹಾಗಾಗಿ ಅದಕ್ಕೆ ಮುಂಚಿನ ಪುಟಗಳಲ್ಲಿ ಕಿರುಚುವ ಅಗತ್ಯವೂ ಇಲ್ಲ. ಕಂಡಕ್ಟರ್ ಬಯ್ಯುವವರೆಗೆ ಮುಕ್ಕಾಲು ದನಿಯಲ್ಲೇ ಹಾಡಿ.

ಬರ್ಲಿನ್‌ನಿಂದ

ಹಾಡುವ ಸಲಹೆ ನನ್ನ ಹತ್ತಿರ ಇಲ್ಲ. ಆದರೆ ಇಲ್ಲಿನ ರೇಡಿಯೋ ಕಾಯರ್ 2012ರಲ್ಲಿ ಇದೇ ಪಿಯಾನೋ ಆವೃತ್ತಿಯನ್ನು ‘ಹ್ಯೂಮನ್ ರಿಕ್ವಿಯಂ’ ಅಂತ ರಂಗಕ್ಕೆ ತಂದಿತು. ಹಾಡುವವರು ಜನರ ನಡುವೆಯೇ ನಿಂತು, ಓಡಾಡಿಕೊಂಡು ಹಾಡುತ್ತಾರೆ. ಪಕ್ಕದಲ್ಲಿ ನಿಂತವರು ಏಕಾಏಕಿ ಬಾಯಿ ತೆರೆದಾಗ ಬೆಚ್ಚಿಬಿದ್ದಿದ್ದೆ! ಅದರ ವೀಡಿಯೊ ತುಣುಕುಗಳು ಸಿಕ್ಕರೆ ನೋಡಿ. ಆರ್ಕೆಸ್ಟ್ರಾ ಇದ್ದಿದ್ದರೆ ಇದು ಆಗುವ ಮಾತಲ್ಲ.

ಮ್ಯೂನಿಕ್‌ನಿಂದ, ಟೆನರ್ ಹಾಡುವವರು

ಇನ್ನೆರಡು ಮಾತು. ರೆಕಾರ್ಡಿಂಗ್ ಜೊತೆಗೇ ಹಾಡಿ ಅಭ್ಯಾಸ ಮಾಡಬೇಡಿ, ಅವರ ವೇಗ ನಿಮ್ಮ ಕಂಡಕ್ಟರ್ ವೇಗ ಅಲ್ಲ. ರೆಕಾರ್ಡಿಂಗ್ ಕೇಳೋಕೆ. ಹಾಡೋಕೆ ಆಲ್ಟೊ ಸಾಲನ್ನು ಮಾತ್ರ ಎತ್ತಿ ತೋರಿಸುವ ಅಭ್ಯಾಸದ ಟ್ರ್ಯಾಕ್‌ಗಳು ಸಿಗುತ್ತವೆ.

ಮತ್ತೆ, ನೊಟೇಶನ್ ಓದಲು ಬರುತ್ತದೆ ಅಂತ ಯಾರ ಹತ್ತಿರವೂ ಹೇಳಬೇಡಿ. ನಾಲ್ಕು ಕೈಗಳ ಪುಸ್ತಕದಲ್ಲಿ ಒಬ್ಬರ ಸಾಲು ಎಡಪುಟದಲ್ಲಿ, ಇನ್ನೊಬ್ಬರದು ಬಲಪುಟದಲ್ಲಿ ಇರುತ್ತದೆ. ಪುಟ ತಿರುಗಿಸಲು ಇಬ್ಬರಿಗೂ ಕೈ ಖಾಲಿ ಇರುವುದಿಲ್ಲ. ಕಾಯರ್‌ನಲ್ಲಿ ಹೊಸಬರು ಯಾರಿದ್ದಾರೋ ಅವರನ್ನೇ ಹಿಡಿದು ಕೂರಿಸುತ್ತಾರೆ.

ಪ್ರಶ್ನೆ ಕೇಳಿದವರು

ಆಗಲೇ ಕೇಳಿಯಾಗಿದೆ ಸರ್. ನಿನ್ನೆಯ ರಿಹರ್ಸಲ್‌ನಲ್ಲಿ ನಾನೇ ತಿರುಗಿಸಿದ್ದು.