ಬೇಸ್ ಗಿಟಾರ್: ಎರಡು ಬೆರಳಿನಿಂದ ಮೂರು ಬೆರಳಿಗೆ ಹೋಗುವುದು ಹೇಗೆ?

ಪ್ರಶ್ನೆ: ನಾಲ್ಕು ತಂತಿಯ ಬೇಸ್ (ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ). ತೋರು ಬೆರಳು, ಮಧ್ಯದ ಬೆರಳು ಎರಡರಲ್ಲೇ ಮೀಟುತ್ತೇನೆ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟು) ಸಿಕ್ಸ್‌ಟೀಂತ್ ನೋಟ್ಸ್ (ಬೀಟಿಗೆ ನಾಲ್ಕು ಮೀಟು) ನಾಲ್ಕು ಬಾರ್ (ತಾಳದ ಸುತ್ತು) ದಾಟಿದರೆ ಮುಂಗೈ ಬಿಗಿಯುತ್ತದೆ. ಉಂಗುರ ಬೆರಳನ್ನೂ ಸೇರಿಸಿಕೊಂಡರೆ ಸದ್ದು ಒಂದೇ ಸಮ ಬರುವುದಿಲ್ಲ, ಲಯವೂ ಕುಂಟುತ್ತದೆ. ಎಲ್ಲಿಂದ ಶುರು ಮಾಡಬೇಕು? ಹೆಬ್ಬೆರಳು ಎಲ್ಲಿಡಬೇಕು? ಕಲಿತವರು ದಯವಿಟ್ಟು ತಿಳಿಸಿ.

ಉತ್ತರ 1
ಮೊದಲು ಲೆಕ್ಕ ನೋಡಿ. 120ರಲ್ಲಿ ಸಿಕ್ಸ್‌ಟೀಂತ್ ಅಂದರೆ ಸೆಕೆಂಡಿಗೆ 8 ಮೀಟು. ಎರಡು ಬೆರಳಾದರೆ ಒಂದೊಂದರ ಪಾಲಿಗೆ 4, ಮೂರಾದರೆ 2.7ರಷ್ಟು. ಲಾಭ ಇರುವುದು ಅಲ್ಲೇ. ಆದರೆ ಸೆಕೆಂಡಿಗೆ 4 ಮೀಟಿಗೇ ಮುಂಗೈ ಬಿಗಿಯುತ್ತಿದ್ದರೆ ಬೆರಳು ಸಾಲದೆ ಅಲ್ಲ, ಬಲ ಹೆಚ್ಚಾಗಿ ಇರಬಹುದು. ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅಮೆರಿಕದ ರೆಕಾರ್ಡ್ ಕಂಪನಿ ಮೋಟೌನ್‌ನ ಅಷ್ಟು ಚುರುಕಾದ ಬೇಸ್ ಲೈನ್‌ಗಳನ್ನು ನುಡಿಸಿದ್ದು ಬಲಗೈ ತೋರು ಬೆರಳೊಂದರಲ್ಲೇ. ಆಂಪ್ ವಾಲ್ಯೂಮ್ ಏರಿಸಿ, ಈಗಿನ ಅರ್ಧ ಬಲದಲ್ಲಿ ಮೀಟಿ. ಇದು ಕೂರದೆ ಮೂರನೇ ಬೆರಳು ಸೇರಿಸಿದರೆ ಮೂರೂ ಬಿಗಿಯುತ್ತವೆ.

ಸರದಿ: ಉಂಗುರ, ಮಧ್ಯ, ತೋರು. ಮೇಜಿನ ಮೇಲೆ ಬೆರಳು ತಟ್ಟುವಾಗ ಕಿರುಬೆರಳ ಕಡೆಯಿಂದ ತೋರು ಬೆರಳ ಕಡೆಗೆ ಬರುವುದು ಹೆಚ್ಚಿನವರಿಗೆ ಸಲೀಸು, ಅದಕ್ಕೇ ಈ ಸರದಿ. ಎಡಗೈ ಒತ್ತದೆ ಖಾಲಿ ಎ ತಂತಿಯಲ್ಲಿ, ಮೆಟ್ರೊನೋಮ್ (ತಾಳ ತಟ್ಟುವ ಸಾಧನ) 60ಕ್ಕಿಟ್ಟು ಟ್ರಿಪ್ಲೆಟ್ (ಬೀಟಿಗೆ ಮೂರು ಮೀಟು) ನುಡಿಸಿ. ಸೆಕೆಂಡಿಗೆ ಮೂರೇ ಮೀಟು. ಪ್ರತಿ ಬೆರಳೂ ಎ ತಂತಿಯನ್ನು ದಾಟಿ ಇ ತಂತಿಯ ಮೇಲೆ ಬಂದು ನಿಲ್ಲಬೇಕು, ಗಾಳಿಗೆ ಎದ್ದು ಹೋಗಬಾರದು. ಹಾಗೆ ನಿಂತ ಬೆರಳೇ ಇ ತಂತಿಯನ್ನು ಮ್ಯೂಟ್ ಮಾಡುತ್ತದೆ. ಚಲನೆ ಬುಡದ ಗೆಣ್ಣಿನಿಂದ ಬರಲಿ. ತುದಿಯ ಗೆಣ್ಣು ಮಡಚಿ ಕೊಕ್ಕೆಯಂತೆ ಎಳೆದರೆ ತಂತಿ ಮೇಲಕ್ಕೆದ್ದು ಕತ್ತಿನ ಮೇಲಿನ ಲೋಹದ ಪಟ್ಟಿಯಾದ ಫ್ರೆಟ್‌ಗೆ ಬಡಿದು ಟಕ್ಕೆನ್ನುತ್ತದೆ.

ಉಂಗುರ ಬೆರಳನ್ನು ಎತ್ತರಕ್ಕೆ ಎತ್ತಲು ಹೋಗಬೇಡಿ. ಅದನ್ನು ಮೇಲೆತ್ತುವ ಸ್ನಾಯುರಜ್ಜು ಅಕ್ಕಪಕ್ಕದ ಬೆರಳುಗಳ ರಜ್ಜುಗಳಿಗೆ ಕೂಡಿಕೊಂಡಿರುತ್ತದೆ, ಒಂಟಿಯಾಗಿ ಏಳುವುದು ಅದಕ್ಕೆ ಕಷ್ಟವೇ. ಎಷ್ಟು ಎತ್ತಿದರೂ ಶಕ್ತಿ ಬರುವುದಿಲ್ಲ, ಬಿಗಿತ ಬರುತ್ತದೆ. ತಂತಿಯಿಂದ ಅರ್ಧ ಸೆಂಟಿಮೀಟರ್ ಒಳಗೆ ಇರಲಿ.

ಉತ್ತರ 2
ಲಯ ಕುಂಟುವುದಕ್ಕೆ ಕಾರಣ ಬೆರಳಲ್ಲ, ಒತ್ತು. ಬೆರಳು ಮೂರರ ಸುತ್ತು, ಸಿಕ್ಸ್‌ಟೀಂತ್ ನಾಲ್ಕರ ಗುಂಪು. ಮೊದಲ ಬೀಟ್ ಉಂಗುರ ಬೆರಳಿಗೆ ಬಿದ್ದರೆ ಎರಡನೆಯದು ಮಧ್ಯಕ್ಕೆ, ಮೂರನೆಯದು ತೋರಿಗೆ, ನಾಲ್ಕನೆಯದು ಮತ್ತೆ ಉಂಗುರಕ್ಕೆ. ಉಂಗುರ ಬಂದಾಗಲೆಲ್ಲ ಒತ್ತು ಕೊಡುವ ಚಾಳಿ ಬೆರಳಿಗೆ ಅಂಟಿದ್ದರೆ ಸಿಕ್ಸ್‌ಟೀಂತ್ ಕೇಳುವಾಗ ಟ್ರಿಪ್ಲೆಟ್ ಥರ ಜಾರುತ್ತದೆ.

ಕೊನ್ನಕ್ಕೋಲ್ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ಕಿವಿಯಲ್ಲಿದ್ದವರಿಗೆ ಇದು ಬೇಗ ಹತ್ತುತ್ತದೆ. ಬಾಯಲ್ಲಿ ‘ತಕಧಿಮಿ’, ಕೈಯಲ್ಲಿ ಉ-ಮ-ತೋ (ಉಂಗುರ, ಮಧ್ಯ, ತೋರು). ‘ತ’ ಯಾವ ಬೆರಳಿಗೆ ಬಂದರೂ ಆ ಬೆರಳೇ ಒತ್ತು ಕೊಡಬೇಕು. 12 ಮೀಟಿಗೆ, ಅಂದರೆ ಮೂರು ಬೀಟಿಗೆ, ‘ತ’ ಮತ್ತು ಉಂಗುರ ಮತ್ತೆ ಕೂಡುತ್ತವೆ. ಆದಿತಾಳದ ಎಂಟು ಅಕ್ಷರದಲ್ಲಿ (ಬೀಟಿನಲ್ಲಿ) 32 ಮೀಟು. ಆದ್ದರಿಂದ ಮೊದಲ ಆವರ್ತನದ (ತಾಳದ ಒಂದು ಸುತ್ತು) ಸಮ (ಸುತ್ತಿನ ಮೊದಲ ಮೀಟು) ಉಂಗುರದಲ್ಲಿ, ಎರಡನೆಯದರ ಸಮ ತೋರಿನಲ್ಲಿ, ಮೂರನೆಯದು ಮಧ್ಯದಲ್ಲಿ, ನಾಲ್ಕನೆಯದಕ್ಕೆ ಮತ್ತೆ ಉಂಗುರ. ಮೂರು ಆವರ್ತನ ನಿಲ್ಲಿಸದೆ ಹೋಗಿ ಸಮಕ್ಕೆ ಸರಿಯಾದ ಬೆರಳು ಬಂದಿದೆಯೇ ನೋಡಿ. ಬೇರೆ ಬೆರಳು ಬಂದಿದ್ದರೆ ಎಲ್ಲೋ ಒಂದು ಮೀಟು ನುಂಗಿದ್ದೀರಿ ಅಥವಾ ಒಂದೇ ಬೆರಳು ಎರಡು ಸಲ ಮೀಟಿದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಶುರುವಿಗೆ ಬಾಯಲ್ಲೂ ‘ತಕಿಟ’ ಇಟ್ಟುಕೊಳ್ಳಿ, ಕೈ ಬಾಯಿ ಎರಡೂ ಮೂರು. ಅದು ಕೂತ ಮೇಲೆ ತಕಧಿಮಿ.

ಉತ್ತರ 3
ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕಿಂತ ಉ-ಮ-ತೋ-ಮ ನುಡಿಸಿ. ನಾಲ್ಕರ ಗುಂಪು, ಪ್ರತಿ ಬೀಟೂ ಉಂಗುರದಲ್ಲೇ ಶುರು, ಒತ್ತು ಓಡಾಡುವುದಿಲ್ಲ.

ಉತ್ತರ 2, ಮತ್ತೆ
ಅದರಲ್ಲಿ ಮಧ್ಯದ ಬೆರಳೇ ಅರ್ಧ ಮೀಟು ಹೊರುತ್ತದೆ. 120ರಲ್ಲಿ ಅದರ ಪಾಲು ಮತ್ತೆ ಸೆಕೆಂಡಿಗೆ 4, ಎರಡು ಬೆರಳಿನಲ್ಲಿ ಇದ್ದಷ್ಟೇ. ಮೂರನೇ ಬೆರಳಿಗೆ ಕೆಲಸ ಕಲಿಸಲು ಒಳ್ಳೆಯದು. ಆದರೆ ಇಲ್ಲಿ ಕೇಳಿರುವುದು ದಣಿವಿನ ಬಗ್ಗೆ, ಅದು ಇದರಿಂದ ಹೋಗುವುದಿಲ್ಲ.

ಉತ್ತರ 4
ಹೆಬ್ಬೆರಳ ಬಗ್ಗೆ ಯಾರೂ ಹೇಳಲಿಲ್ಲ. ಪಿಕಪ್ (ತಂತಿಗಳ ಕೆಳಗಿನ, ಸದ್ದು ಹಿಡಿಯುವ ಭಾಗ) ಮೇಲೆ ಖಾಯಂ ಊರಿಟ್ಟರೆ ಜಿ ತಂತಿಗೆ ಹೋಗುವಾಗ ಮೂರೂ ಬೆರಳು ಚಾಚಬೇಕು, ಉಂಗುರ ಬೆರಳು ನೆಟ್ಟಗಾಗುತ್ತದೆ, ಅದರ ಸದ್ದು ತೆಳುವಾಗುತ್ತದೆ. ಮೇಲಾಗಿ ಇ, ಎ ಎರಡೂ ತೆರೆದುಕೊಂಡು ಗುಂಯ್‌ಗುಡುತ್ತವೆ. ಹೆಬ್ಬೆರಳು ಕೈ ಜೊತೆ ಇಳಿಯಲಿ. ಎ ತಂತಿ ಮೀಟುವಾಗ ಹೆಬ್ಬೆರಳು ಪಿಕಪ್ ಮೇಲೆ, ಡಿ ಮೀಟುವಾಗ ಇ ಮೇಲೆ, ಜಿ ಮೀಟುವಾಗ ಎ ಮೇಲೆ, ಅದರ ಪಕ್ಕ ಇ ತಂತಿಗೆ ತಾಗಿಕೊಂಡಿರಲಿ. ಹೆಬ್ಬೆರಳಿಗೂ ಮೀಟುವ ತಂತಿಗೂ ನಡುವೆ ಇರುವ ತಂತಿಯನ್ನು, ಮೀಟಿ ಬಂದು ಅದರ ಮೇಲೆ ನಿಲ್ಲುವ ಬೆರಳೇ ಸುಮ್ಮನಿರಿಸುತ್ತದೆ. ಒತ್ತಬೇಡಿ, ತಂತಿ ನಡುಗದಷ್ಟು ತಾಗಿದರೆ ಸಾಕು.

ಇ ತಂತಿಯಿಂದ ಡಿಗೆ ಆಕ್ಟೇವ್ (ಅದೇ ಸ್ವರ, ಮೇಲಿನ ಸ್ಥಾಯಿ) ಹಾರುವಾಗ ನಡುವಿನ ಎ ತಂತಿ ಸುಮ್ಮನಾಗದೆ ಉಳಿದುಬಿಡುತ್ತದೆ. ಅದಕ್ಕೆ ಎಡಗೈ ತೋರು ಬೆರಳು ಇ ಮೇಲೆ ಒತ್ತಿರುವಾಗಲೇ ಅದರ ಉಳಿದ ಭಾಗ ಎ ಮೇಲೆ ಹಗುರವಾಗಿ ಮಲಗಿರಬೇಕು.

ಡಿಯಿಂದ ಎಗೆ ಇಳಿಯುವಾಗ ಡಿ ಮೀಟಿದ ಬೆರಳು ಹೇಗೂ ಎ ಮೇಲೇ ನಿಂತಿರುತ್ತದೆ. ಅದೇ ಬೆರಳಲ್ಲಿ ಎಳೆಯುವುದೋ, ಸರದಿಯಂತೆ ಮುಂದಿನ ಬೆರಳು ಹಾಕುವುದೋ? ಎರಡೂ ನಡೆಯುತ್ತದೆ. ಎಳೆದರೆ ಸಲೀಸು, ಆದರೆ ಮೇಲೆ ಹೇಳಿದ ಸಮದ ಲೆಕ್ಕ ಒಂದು ಬೆರಳು ಹಿಂದೆ ಸರಿಯುತ್ತದೆ. ಕಲಿಯುವ ಲೈನ್‌ಗೆ ಬೆರಳಿನ ಅಕ್ಷರ ಬರೆದಿಟ್ಟುಕೊಳ್ಳಿ, ಪ್ರತಿ ಸಲ ಬೇರೆ ಬೇರೆ ಮಾಡಬೇಡಿ.

ಉತ್ತರ 5
ಸದ್ದು ಸಮ ಇಲ್ಲ ಅಂದಿರಿ. ಎಷ್ಟು ಅಸಮ ಅಂತ ಕಣ್ಣಿಗೆ ಕಾಣುತ್ತದೆ. ಬೇಸನ್ನು ನೇರವಾಗಿ, ಕಂಪ್ಯೂಟರಿಗೆ ಸದ್ದು ಕಳಿಸುವ ಇಂಟರ್‌ಫೇಸ್‌ಗೆ ಹಾಕಿ, ಒಂದು ನಿಮಿಷ ರೆಕಾರ್ಡ್ ಮಾಡಿ, ಸದ್ದಿನ ಅಲೆಯ ಚಿತ್ರವಾದ ವೇವ್‌ಫಾರ್ಮ್ ಹಿಗ್ಗಿಸಿ ನೋಡಿ. ಪ್ರತಿ ಮೂರನೇ ಏರು ಗಿಡ್ಡ ಇದ್ದರೆ ಉಂಗುರ ಬೆರಳು ಸೊರಗಿದೆ. ಎತ್ತರ ಸಮ ಇದ್ದು ನಡುವಿನ ಅಂತರ ಒಂದು ಕಡೆ ಕಿರಿದಾಗಿದ್ದರೆ ತೋರು ಬೆರಳು ಅವಸರ ಮಾಡುತ್ತಿದೆ. ಜೋರು, ಮೆದು ಸದ್ದನ್ನು ಸಮ ಮಾಡುವ ಕಂಪ್ರೆಸರ್ ಪೆಡಲ್ ಆಫ್ ಇರಲಿ, ಅದು ಇದನ್ನೆಲ್ಲ ಮುಚ್ಚಿಹಾಕುತ್ತದೆ.

ಸರಿಪಡಿಸುವುದು ಉಂಗುರಕ್ಕೆ ಬಲ ಹಾಕಿ ಅಲ್ಲ. ಅದು ಸುಮ್ಮನೆ ಮೀಟಿದರೆ ಎಷ್ಟು ಸದ್ದು ಬರುತ್ತದೋ ಅಷ್ಟಕ್ಕೆ ಉಳಿದೆರಡನ್ನು ಇಳಿಸಿ. ಇದೇ ಮುಖ್ಯ ವಿಷಯ, ಹೆಚ್ಚಿನವರು ಉಲ್ಟಾ ಮಾಡುತ್ತಾರೆ.

ದನಿಯ ಬಣ್ಣವೂ ಬೇರೆ ಬರುತ್ತದೆ. ಒಂದೇ ತಂತಿಯ ಮೇಲೆ ತೋರು ಬೆರಳು ನೆಕ್ (ಎಡಗೈ ಹಿಡಿಯುವ ಕತ್ತು) ಕಡೆಗೂ ಉಂಗುರ ಬ್ರಿಜ್ (ಬಾಡಿಯ ಮೇಲೆ ತಂತಿ ಕಟ್ಟಿರುವ ಕಡೆ) ಕಡೆಗೂ ಇರುತ್ತದೆ, ಮೂರು ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಬ್ರಿಜ್ ಹತ್ತಿರವಾದಷ್ಟೂ ದನಿ ಬಿಗಿ, ತೆಳು. ಬೆರಳುಗಳನ್ನು ಒತ್ತಾಗಿ ಸೇರಿಸಿ, ಉದ್ದನೆಯ ಮಧ್ಯದ ಬೆರಳನ್ನು ಸ್ವಲ್ಪ ಹೆಚ್ಚು ಬಾಗಿಸಿ. ಮೂರು ತುದಿಗಳೂ ತಂತಿಯ ಮೇಲೆ ಒಟ್ಟಿಗೆ ಕೂರಬೇಕು.

ಉತ್ತರ 6
ಬೇಸನ್ನೂ ಒಮ್ಮೆ ನೋಡಿ. 12ನೇ ಫ್ರೆಟ್‌ನಲ್ಲಿ ಇ ತಂತಿ 2ರಿಂದ 2.5 ಮಿಲಿಮೀಟರ್ ಎತ್ತರ ಇದ್ದರೆ ಹಗುರವಾಗಿ ಮೀಟಲು ಆಗುತ್ತದೆ. 3 ದಾಟಿದ್ದರೆ ಸೆಟಪ್ ಮಾಡಿಸಿ. ಬೆರಳು ತಂತಿಯ ಕೆಳಗೆ ಆಳಕ್ಕೆ ಹೋಗುವುದೇ ತೊಂದರೆಯಾದರೆ ರ‍್ಯಾಂಪ್ ಹಾಕಿಸಬಹುದು. ಬೇಸ್ ವಾದಕ ಗ್ಯಾರಿ ವಿಲ್ಲಿಸ್ ಅವರಿಂದ ಹೆಸರಾದದ್ದು: ಪಿಕಪ್‌ನ ಮಟ್ಟಕ್ಕೆ, ಫ್ರೆಟ್‌ಬೋರ್ಡಿನ ಬಾಗಿಗೆ ಸರಿಯಾಗಿ ಕೆತ್ತಿದ ಮರದ ತುಂಡು, ತಂತಿಗಳ ಕೆಳಗೆ ಕೂರುತ್ತದೆ. ಬೆರಳು ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಮೊದಲು ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿ ನೋಡಿ, ಬಾಡಿಗೆ ಸ್ಕ್ರೂ ಹೊಡೆಯಬೇಡಿ. ತುಂಬಾ ಎತ್ತರವಾದರೆ ಜೋರಾಗಿ ಮೀಟಿದಾಗ ತಂತಿ ಮರಕ್ಕೆ ಬಡಿಯುತ್ತದೆ.

ಉಂಗುರ ಬೆರಳಿನ ಚರ್ಮ ಹೊಸದು, ಅಲ್ಲಿ ಬೊಬ್ಬೆ ಏಳುತ್ತದೆ. ಚುರುಚುರು ಅಂದ ತಕ್ಷಣ ಬಿಡಿ. ಎದ್ದ ಬೊಬ್ಬೆ ಒಡೆದರೆ ವಾರಗಟ್ಟಲೆ ಕೂರಬೇಕಾಗುತ್ತದೆ. ಮಂಗಳೂರು, ಕಾರವಾರದ ಕಡೆಯ ಬೆವರಿನಲ್ಲಿ ತಂತಿ ಬೇಗ ತುಕ್ಕು ಹಿಡಿದು ಒರಟಾಗುತ್ತದೆ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ.

ಉತ್ತರ 1, ಮತ್ತೆ
ವೇಗದ ಬಗ್ಗೆ ಕೊನೆಯದಾಗಿ. ದಿನಕ್ಕೆ ಹತ್ತು ಹತ್ತು ನಿಮಿಷದ ಎರಡು ಸರದಿ ಸಾಕು, ನಡುವೆ ಕೈ ಬಿಡಿ. ಒಂದು ವೇಗದಲ್ಲಿ ಎರಡು ನಿಮಿಷ ತಡೆಯದೆ, ವೇವ್‌ಫಾರ್ಮ್ ಸಮವಾಗಿ ಬಂದರೆ 4 ಬಿಪಿಎಂ ಏರಿಸಿ. ಕೆಟ್ಟರೆ 8 ಇಳಿಸಿ. ಸ್ಟ್ರ್ಯಾಪ್ ಉದ್ದವನ್ನು ಕೂತಾಗಲೂ ನಿಂತಾಗಲೂ ಬೇಸ್ ಒಂದೇ ಎತ್ತರದಲ್ಲಿ ಇರುವಂತೆ ಇಡಿ, ಇಲ್ಲದಿದ್ದರೆ ನಿಂತ ಕೂಡಲೇ ಮಣಿಕಟ್ಟು ಬಾಗಿ ಮತ್ತೆ ಬಿಗಿತ ಶುರು. ದಣಿವು ಬೇರೆ, ನೋವು ಬೇರೆ. ಮಣಿಕಟ್ಟಿನಲ್ಲಿ ನೋವು ಅಥವಾ ಬೆರಳಲ್ಲಿ ಜೋಮು ಬಂದರೆ ಅಂದಿಗೆ ನಿಲ್ಲಿಸಿ, ಮರುದಿನವೂ ಇದ್ದರೆ ವೈದ್ಯರಿಗೆ ತೋರಿಸಿ. ಹಳೆಯ ಎರಡು ಬೆರಳಿನ ನುಡಿಸಾಣಿಕೆಯನ್ನೂ ಬಿಡಬೇಡಿ, ನಿಧಾನದ ಹಾಡುಗಳಿಗೆ ಅದೇ ಸಾಕು.