ಸ್ಟೆಮ್ ಸೆಲ್‌ಗೆ ಕಾಂಡಕೋಶವೋ ಮೂಲಕೋಶವೋ? ಜೊತೆಗೆ ‘ಒಡೆ’ ಎಂಬ ತೊಡಕು

ಬಲ್ಲವರಲ್ಲಿ ಒಂದು ಕೋರಿಕೆ. ತಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳ ತಂದೆತಾಯಿಗೆ ಕೊಡಲು ಬಳ್ಳಾರಿಯಲ್ಲಿ ನಾವು ಕೆಲವರು ಸೇರಿ ಒಂದು ಮಾಹಿತಿ ಪತ್ರ ಬರೆಯುತ್ತಿದ್ದೇವೆ. ಎರಡು ಮೂರು ವಾರಕ್ಕೊಮ್ಮೆ ಮಗುವಿಗೆ ರಕ್ತ ಹಾಕಿಸಲು ಸಿರುಗುಪ್ಪ, ಕಂಪ್ಲಿ, ಸಿಂಧನೂರು ಕಡೆಯಿಂದ ಬರುವವರು ಇವರು. ಹೆಚ್ಚಿನವರು ಒಕ್ಕಲುತನದವರು, ಕೂಲಿಗೆ ಹೋಗುವವರು. ಡಾಕ್ಟರು ‘ಸ್ಟೆಮ್ ಸೆಲ್’, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಜೀವಕೋಶ, ಅಂದಾಗ ಅದೇನು ಅಂತ ಈ ಪತ್ರ ಓದಿ ತಿಳಿಯಬೇಕು.

ಪತ್ರಿಕೆಗಳಲ್ಲಿ ‘ಕಾಂಡಕೋಶ’, ‘ಆಕರಕೋಶ’, ‘ಮೂಲಕೋಶ’ ಮೂರೂ ಓಡಾಡುತ್ತವೆ. ನನಗೆ ಕಾಂಡಕೋಶ ಒಪ್ಪಿಗೆಯಿಲ್ಲ. ಟ್ರಾನ್ಸ್‌ಪ್ಲಾಂಟ್‌ಗೆ ಹೇಗೂ ‘ಕಸಿ’ ಅನ್ನುತ್ತೇವೆ. ಎರಡೂ ಸೇರಿ ‘ಕಾಂಡಕೋಶ ಕಸಿ’ ಆದರೆ, ಮಾವಿನ ತೋಟ ಮಾಡಿದವರ ಕಣ್ಣಿಗೆ ಬರುವುದು ಗಿಡ ಸೀಳಿ ಕಡ್ಡಿ ಕೂರಿಸುವ ಕೆಲಸ. ಕರಡು ಓದಿದ ಕೊಪ್ಪಳ ಕಡೆಯ ತಂದೆಯೊಬ್ಬರು ‘ಎಲುಬು ಕೊಯ್ದು ಜೋಡಸ್ತಾರೇನ್ರೀ?’ ಅಂತಲೇ ಕೇಳಿದರು. ನಡೆಯುವುದು ಹಾಗಲ್ಲ. ಕೊಡುವವರ ಸೊಂಟದ ಎಲುಬಿನಿಂದ ಸೂಜಿ ಹಾಕಿ ಮಜ್ಜೆ, ಅಂದರೆ ಒಳಗಿನ ತಿರುಳು, ತೆಗೆಯುತ್ತಾರೆ, ಇಲ್ಲವೇ ರಕ್ತದಿಂದಲೇ ಆ ಕೋಶಗಳನ್ನು ಬೇರ್ಪಡಿಸುತ್ತಾರೆ. ಮಗುವಿಗೆ ಅದನ್ನು ರಕ್ತ ಹಾಕಿದ ಹಾಗೆಯೇ ನಳಿಕೆಯಲ್ಲಿ ಹನಿಸುತ್ತಾರೆ. ಕೋಶಗಳು ತಾವಾಗಿಯೇ ಎಲುಬಿನೊಳಗೆ ಹೋಗಿ ಸೇರುತ್ತವೆ. ಅದಕ್ಕೂ ಮುಂಚೆ ಬಲವಾದ ಔಷಧ ಕೊಟ್ಟು ಮಗುವಿನ ಹಳೆಯ ಮಜ್ಜೆಯನ್ನು ಅಳಿಸಬೇಕು. ಹೆದರಬೇಕಾದ್ದು ಆ ದಿನಗಳಿಗೆ, ಕತ್ತರಿ ಚಾಕುವಿಗಲ್ಲ.

‘ಸ್ಟೆಮ್’ ಹುಟ್ಟಿದ್ದೂ ಗಿಡದ ಕಾಂಡದ ಅರ್ಥದಲ್ಲಲ್ಲ. 1868ರಲ್ಲಿ ಜರ್ಮನಿಯ ಎರ್ನ್ಸ್ಟ್ ಹೆಕೆಲ್ ‘ಶ್ಟಾಮ್‌ತ್ಸೆಲ್ಲೆ’ ಎಂಬ ಪದ ಬಳಸಿದಾಗ ಅವರ ಮನಸ್ಸಿನಲ್ಲಿದ್ದದ್ದು ವಂಶವೃಕ್ಷ. ಜೀವಿಗಳೆಲ್ಲ ಯಾವ ಒಂಟಿಕೋಶದ ಪೂರ್ವಜನಿಂದ ಇಳಿದು ಬಂದವೋ ಅದಕ್ಕಿಟ್ಟ ಹೆಸರು ಅದು. ಆ ವಂಶದ ಅರ್ಥ ನಮ್ಮ ‘ಕಾಂಡ’ದಲ್ಲಿ ಎಲ್ಲಿದೆ?

‘ತಾಯಿಕೋಶ’ ಅಂತ ಒಬ್ಬರು ಸೂಚಿಸಿದರು. ಕಿವಿಗೆ ಹಿತವಾಗಿದೆ, ಆದರೆ ತಾಯಿಯೇ ಕೊಡಬೇಕು ಅಂತ ಜನ ತಿಳಿಯುತ್ತಾರೆ. ಮಗುವಿನ ಕೋಶಕ್ಕೆ ಕೊಡುವವರ ಕೋಶ ಹೊಂದಬೇಕು; ಒಡಹುಟ್ಟಿದ ಒಬ್ಬೊಬ್ಬರಲ್ಲೂ ಪೂರ್ತಿ ಹೊಂದಿಕೆ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲು ಪರೀಕ್ಷೆ ಆಗಬೇಕಾದ್ದು ಅಣ್ಣತಮ್ಮ, ಅಕ್ಕತಂಗಿಯರದ್ದು. ಹಾಗಾಗಿ ಆ ಪದ ಬೇಡ.

ಉಳಿದವುಗಳಲ್ಲಿ ನನಗೆ ಒಪ್ಪುವುದು ಮೂಲಕೋಶ. ನಮ್ಮ ಗಡಿಯ ಊರುಗಳಲ್ಲಿ ತೆಲುಗು ಪತ್ರಿಕೆ ಓದುವವರೂ ಬಹಳ. ಅಲ್ಲಿ ‘ಮೂಲಕಣಾಲು’ ಅಂತಲೇ ಬರೆಯುತ್ತಾರೆ, ಅದು ಅನುಕೂಲ. ಆದರೆ ಆಸ್ಪತ್ರೆಯಲ್ಲಿ ‘ಮೂಲ’ ಅಂದರೆ ಮೂಲವ್ಯಾಧಿ ಅಲ್ವಾ? ಈ ಅಡ್ಡಿ ಎಷ್ಟು ದೊಡ್ಡದು ಅಂತ ನಿಮ್ಮ ಅಭಿಪ್ರಾಯ ಬೇಕು.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಕ್ರಿಯಾಪದ. ಕೋಶ ವಿಭಜನೆಯನ್ನು ಸರಳ ಮಾಡಲು ಹೋಗಿ ‘ಕೋಶ ಒಡೆದು ಎರಡಾಗುತ್ತದೆ’ ಅಂತ ಬರೆಯುತ್ತೇವೆ. ಇದೇ ಪತ್ರದ ಮೊದಲ ಪುಟದಲ್ಲಿ ‘ಈ ಕಾಯಿಲೆಯಲ್ಲಿ ರಕ್ತಕಣ ಬೇಗ ಒಡೆಯುತ್ತದೆ’ ಅಂತ ಇದೆ. ಗಟ್ಟಿಮುಟ್ಟಾದ ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ತಲಸ್ಸೀಮಿಯಾದಲ್ಲಿ ಎಷ್ಟೋ ಕಣಗಳು ಬಲಿಯುವ ಮುಂಚೆ ಮಜ್ಜೆಯಲ್ಲೇ ಸಾಯುತ್ತವೆ, ಹೊರಬಂದವೂ ಬೇಗ ಹಾಳಾಗುತ್ತವೆ. ಒಂದು ಕಡೆ ಒಡೆಯುವುದು ಸಾವು, ಇನ್ನೊಂದು ಕಡೆ ಒಡೆಯುವುದು ಹುಟ್ಟು. ಓದುವ ತಾಯಿ ಯಾವುದನ್ನು ನಂಬಬೇಕು? ಅದಕ್ಕೆ ಹುಟ್ಟಿನ ಕಡೆ ‘ಒಡೆ’ ತೆಗೆದು, ಸುಮ್ನೆ ‘ಒಂದು ಎರಡಾಗುತ್ತದೆ’ ಅಂತ ಬರೆದಿದ್ದೇನೆ. ಎರಡರಲ್ಲೂ ಅದೇ 46 ವರ್ಣತಂತುಗಳು (ಕ್ರೋಮೋಸೋಮ್). ಒಂದು ಮೂಲಕೋಶವಾಗಿಯೇ ಉಳಿದು, ಇನ್ನೊಂದು ಮುಂದೆ ಸಾಗಿ ಕೆಂಪು ಕಣವನ್ನೋ ಬಿಳಿ ಕಣವನ್ನೋ ಕೊಡಬಲ್ಲದು.

ಆ ಮುಂದೆ ಸಾಗುವುದಕ್ಕೆ ‘ವಿಭೇದೀಕರಣ’ ಅನ್ನುತ್ತಾರೆ. ಓದಿದವರಿಗೂ ಅದು ಕಷ್ಟ. ‘ಬಲಿಯುವುದು’ ಸಾಲದು. ಕಣ ದೊಡ್ಡದಾಯಿತು, ವಯಸ್ಸಿಗೆ ಬಂತು ಅಂದಷ್ಟೇ ಆಗುತ್ತದೆ. ‘ಕಸುಬು ಹಿಡಿಯುವುದು’ ಅಂದರೆ ಹೇಗೆ? ಜೀನ್‌ಗಳು ಹೆಚ್ಚುಕಮ್ಮಿ ಎಲ್ಲ ಕೋಶದಲ್ಲೂ ಅವೇ, ಯಾವುವು ಕೆಲಸ ಮಾಡುತ್ತವೆ ಎಂಬುದಷ್ಟೇ ಬೇರೆ. ಮನುಷ್ಯರು ಕಸುಬು ಹಿಡಿಯುವುದೂ ಹಾಗೆಯೇ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಮತ್ತು ಸಂಗಡಿಗರು ಇಲಿಯ ಕಸುಬು ಹಿಡಿದ ಕೋಶಗಳಿಗೆ ನಾಲ್ಕು ಜೀನ್ ಸೇರಿಸಿ ಅವನ್ನು ಮತ್ತೆ ಮೂಲಕೋಶದಂಥ ಮೊದಲಿನ ಸ್ಥಿತಿಗೆ ತಂದರು. 2012ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಇದನ್ನು ‘ಹಿಡಿದ ಕಸುಬು ಬಿಡಿಸುವುದು’ ಅಂತ ಹೇಳಬಹುದು, ವಿಭೇದೀಕರಣದ ಮುಂದೆ ಇನ್ನೊಂದು ಪ್ರತ್ಯಯ ಅಂಟಿಸುವ ಕೆಲಸವಿಲ್ಲ.

ಇನ್ನು ‘ಅಸ್ಥಿಮಜ್ಜೆ’. ಸದ್ಯಕ್ಕೆ ‘ಎಲುಬಿನ ಒಳಗಿನ ಮೆತ್ತನೆ ತಿರುಳು’ ಅಂತ ಬಿಡಿಸಿ ಬರೆದಿದ್ದೇನೆ. ಕುಷ್ಟಗಿ, ಲಿಂಗಸುಗೂರು, ಮಾನ್ವಿ ಕಡೆ ಹಿರಿಯರು ಇದಕ್ಕೆ ಒಂದೇ ಮಾತಿನ ಹೆಸರು ಏನಾದರೂ ಹೇಳುತ್ತಾರಾ? ಅಡುಗೆಮನೆಯ ಮಾತಾದರೂ ಸರಿ, ಕೇಳಿ ತಿಳಿಸಿ. ಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.