ಮನೆಯಲ್ಲೇ ಸಿಡುಕುವವಳು ಹೊರಗೆ ಏನು ಸೇವೆ ಮಾಡಲಿ?

ಕೇಳಿದವರು, ಮೈಸೂರು:

ವಿಮಾ ಕಚೇರಿಯಲ್ಲಿ ಕೆಲಸ, ಇಬ್ಬರು ಮಕ್ಕಳು, ಮರೆವಿನ ಕಾಯಿಲೆಯಿರುವ ಅತ್ತೆ. ಚರ್ಚಿನಲ್ಲಿ ಭಾನುವಾರದ ಪೂಜೆ ತಪ್ಪಿಸಿದವಳಲ್ಲ. ಈಸ್ಟರಿಗೆ ಮುಂಚಿನ ಉಪವಾಸಕಾಲ ಶುರುವಾಗುವ ವಿಭೂತಿ ಬುಧವಾರ ಬಂತೆಂದರೆ ಮಾಂಸ ಬಿಡುತ್ತೇನೆ, ರಾತ್ರಿ ತಪ್ಪದೆ ಜಪಸರ ಹೇಳುತ್ತೇನೆ. ಆದರೆ ಜಪಸರದ ನಡುವೆ ಅತ್ತೆ ಐದನೇ ಸಲ "ಇವತ್ತು ಯಾವ ವಾರ?" ಎಂದು ಕೇಳಿದರೆ ನನ್ನ ಧ್ವನಿ ಏರುತ್ತದೆ. ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ. ನಮ್ಮ ಚರ್ಚಿನಲ್ಲಿ ಬಡವರ ಮನೆಗಳಿಗೆ ಭೇಟಿ ಕೊಡುವ ತಂಡವೊಂದಿದೆ, ಸೇರಲೇ ಎಂಬ ಯೋಚನೆ. ವಿಶ್ವಾಸವನ್ನು ದಿನನಿತ್ಯ ಬಾಳಬೇಕು ಎನ್ನುತ್ತಾರಲ್ಲ, ನೀವೆಲ್ಲ ಹೇಗೆ ಮಾಡುತ್ತೀರಿ? ಉಪದೇಶ ಬೇಡ, ನಿಮ್ಮ ಬದುಕಿನಲ್ಲಿ ನಡೆದದ್ದನ್ನು ಹೇಳಿ.

ಮಂಗಳೂರಿನಿಂದ:

ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ನೀವು ಹೇಳುವ ತಂಡವೂ ಬಹುಶಃ ಅದೇ ಇರಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಇದು ಶುರುವಾದಾಗ, ಶುರುಮಾಡಿದವರಲ್ಲೊಬ್ಬನಾದ ಫ್ರೆಡರಿಕ್ ಓಝನಾಮ್ ಇಪ್ಪತ್ತು ವರ್ಷದ ವಿದ್ಯಾರ್ಥಿ. ನಿಮ್ಮ ಧರ್ಮ ಈಗ ಯಾರಿಗೆ ಏನು ಮಾಡುತ್ತಿದೆ ಎಂದು ಯಾರೋ ಹಂಗಿಸಿದ್ದಕ್ಕೆ ಅವನೂ ಗೆಳೆಯರೂ ವಾದ ಬಿಟ್ಟು ಬಡವರ ಮನೆಯ ಮೆಟ್ಟಿಲು ಹತ್ತಿದರು. ಇಂದಿಗೂ ನಾವು ಇಬ್ಬಿಬ್ಬರಾಗಿಯೇ ಹೋಗುತ್ತೇವೆ. ಕೂಟದ ಕೊನೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ, ಯಾರು ಎಷ್ಟು ಹಾಕಿದರೆಂದು ಯಾರಿಗೂ ಗೊತ್ತಾಗದು.

ಮೊದಲ ವರ್ಷ ನಾನು ಬಹಳ ಚುರುಕಾಗಿದ್ದೆ. ಗುಡ್ಡದ ಮೇಲೆ ಒಂಟಿಯಾಗಿದ್ದ ಅಜ್ಜಿಯೊಬ್ಬರ ಮನೆಗೆ ಅಕ್ಕಿ, ಎಣ್ಣೆ ತೆಗೆದುಕೊಂಡು ಹೋಗುವುದು, ಬಾಗಿಲಲ್ಲೇ ಇಡುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು, ಹೊರಡುವುದು. ಒಂದು ಸಂಜೆಯಲ್ಲಿ ನಾಲ್ಕು ಮನೆ ಮುಗಿಸುತ್ತಿದ್ದೆ. ಜೊತೆಗೆ ಬರುತ್ತಿದ್ದ ಹಿರಿಯರು ಮಾತ್ರ ಜಗಲಿಯಲ್ಲಿ ಕುಳಿತು ಕೋಳಿ ಎಷ್ಟು ಮೊಟ್ಟೆ ಇಟ್ಟಿತು ಎಂದು ಮಾತು ತೆಗೆಯುತ್ತಿದ್ದರು. ನನಗೋ ಒಳಗೊಳಗೇ ಸಿಟ್ಟು. ಮೂರನೇ ಭೇಟಿಯಲ್ಲಿ ಅಜ್ಜಿ ಹಾಲಿಲ್ಲದ ಚಹಾ ಮಾಡಿ ತಂದರು. ಅವರಿಗೇಕೆ ಖರ್ಚು ಎಂದು ನಾನು ಬೇಡವೆಂದೆ. ಗುಡ್ಡ ಇಳಿಯುವಾಗ ಹಿರಿಯರು ನಿಂತರು. "ನಮಗೆ ಕೊಡಲು ಅವರ ಹತ್ತಿರ ಇದ್ದದ್ದು ಅದೊಂದೇ. ಅದಕ್ಕೂ ನೀನು ಬೇಡ ಎಂದೆ" ಎಂದರು. ಬೈಗುಳವೇ ಆಗಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಈಗ ಚಹಾ ಕುಡಿಯುತ್ತೇನೆ, ಸಕ್ಕರೆ ಎಷ್ಟೇ ಹೆಚ್ಚಿರಲಿ. ತಂಡಕ್ಕೆ ಸೇರಿ, ಬೇಡ ಎನ್ನುವುದಿಲ್ಲ. ಆದರೆ ಮನೆಯ ಗದ್ದಲದಿಂದ ತಪ್ಪಿಸಿಕೊಳ್ಳಲು ಬರುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಮೊದಲ ವರ್ಷ ನಾನೂ ಅದೇ ಸಾಲಿನವನು.

ಉಡುಪಿಯಿಂದ:

ಕೊಲ್ಲಿ ದೇಶದಲ್ಲಿ ಹತ್ತೊಂಬತ್ತು ವರ್ಷ ನರ್ಸ್ ಆಗಿದ್ದು ಈಗ ಊರಿಗೆ ಮರಳಿದ್ದೇನೆ. ತಂಗೀ, ಮೊದಲು ಕೆಲಸದ ಮಾತು. ಅತ್ತೆಯನ್ನು ತಿದ್ದಲು ಹೋಗಬೇಡಿ. "ಆಗಲೇ ಹೇಳಿದೆನಲ್ಲ" ಎಂಬ ಮಾತು ಅವರಿಗೆ ತಲುಪುವುದಿಲ್ಲ, ನಿಮ್ಮ ಮುಖದ ಗಂಟು ಮಾತ್ರ ತಲುಪುತ್ತದೆ. ವಾರ, ತಾರೀಖು ದೊಡ್ಡ ಅಕ್ಷರದಲ್ಲಿರುವ ಕ್ಯಾಲೆಂಡರನ್ನು ಅವರ ಮಂಚದ ಎದುರಿಗೇ ತೂಗುಹಾಕಿ. ಜಪಸರವನ್ನು ಅವರಿಂದ ದೂರ ಕುಳಿತು ಹೇಳಬೇಡಿ, ಅವರ ಕೈಗೂ ಒಂದು ಕೊಡಿ. ಮಕ್ಕಳ ಹೆಸರು ಮರೆತವರೂ ಚಿಕ್ಕಂದಿನಲ್ಲಿ ಬಾಯಿಪಾಠವಾದ "ನಮೋ ಮರಿಯಾ" ಪ್ರಾರ್ಥನೆಯನ್ನು ತಡವರಿಸದೆ ಹೇಳುವುದನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಚರ್ಚಿಗೆ ಬರಲಾಗದವರಿಗೆ ಪರಮಪ್ರಸಾದವನ್ನು ಮನೆಗೇ ತರುತ್ತಾರೆ, ಚರ್ಚಿನ ಸ್ವಾಮಿಗಳಿಗೆ ಹೇಳಿಡಿ.

ಇನ್ನೊಂದು. ಅತ್ತೆಯನ್ನು ದೇವರು ಕೊಟ್ಟ ಶಿಲುಬೆ ಎಂದುಕೊಳ್ಳಬೇಡಿ. ನಾನು ನನ್ನ ಅಮ್ಮನ ವಿಷಯದಲ್ಲಿ ಹಾಗೆ ಅಂದುಕೊಂಡು ಎರಡು ವರ್ಷ ಬಲು ಭಕ್ತಿಯಿಂದ ಮುಖ ಗಂಟಿಕ್ಕಿಕೊಂಡು ಓಡಾಡಿದೆ. ಅಮ್ಮ ಶಿಲುಬೆಯಲ್ಲ, ಕಾಫಿ ತಣ್ಣಗಾದರೆ ಕುಡಿಯದ ಒಬ್ಬ ಹೆಂಗಸು.

ಫ್ರಾನ್ಸಿನ ಸನ್ಯಾಸಿನಿ, ಲಿಸಿಯಾದ ಸಂತ ತೆರೇಜಾ ನನಗೆ ಇಷ್ಟವಾಗುವುದು ಇಂಥ ಸಣ್ಣ ವಿಷಯಕ್ಕೇ. ಬಟ್ಟೆ ಒಗೆಯುವಾಗ ಎದುರಿನ ಸಿಸ್ಟರ್ ಕೊಳಕು ನೀರು ಮುಖಕ್ಕೆ ಸಿಡಿಸುತ್ತಿದ್ದರಂತೆ. ಹಿಂದೆ ಸರಿದು ಮುಖ ಒರೆಸಿಕೊಂಡರೆ ಆಕೆಗೆ ಗೊತ್ತಾಗುತ್ತದೆ ಎಂದು ತೆರೇಜಾ ಅಲ್ಲೇ ನಿಂತರು. ಇಪ್ಪತ್ತನಾಲ್ಕಕ್ಕೇ ತೀರಿಹೋದರು, ಕಾನ್ವೆಂಟಿನ ಗೋಡೆಯಾಚೆ ದೊಡ್ಡ ಕಾರ್ಯವೇನೂ ಮಾಡಿದವರಲ್ಲ. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಆದರೆ ಅವರಿಗೆ ರಾತ್ರಿ ಮೂರು ಸಲ ಎದ್ದು ಹಾಸಿಗೆ ಬದಲಿಸುವ ಕೆಲಸದ ಜೊತೆಗೆ ಬೆಳಿಗ್ಗೆ ಒಂಬತ್ತರ ಕಚೇರಿ ಇರಲಿಲ್ಲ. ವಾರದಲ್ಲಿ ಎರಡು ಗಂಟೆಯಾದರೂ ಬೇರೆಯವರು ಅತ್ತೆಯನ್ನು ನೋಡಿಕೊಳ್ಳಲಿ. ಸಹಾಯ ಕೇಳಲು ಬೇಕಾದಷ್ಟು ವಿನಯ ನನಗಂತೂ ಬಹಳ ತಡವಾಗಿ ಬಂತು.

ಬೆಂಗಳೂರಿನಿಂದ:

ಒಂದು ಎಚ್ಚರಿಕೆ. ಕಚೇರಿಯಲ್ಲಿ ಯಾರ ಕೆಲಸ ಬಂದರೂ ಬೇಡ ಎನ್ನದೆ ಮಾಡುತ್ತಿದ್ದೆ, ಅದೇ ವಿನಯ ಎಂದುಕೊಂಡಿದ್ದೆ. ಮನೆ ಸೇರುವಾಗ ಮಗಳು ಮಲಗಿರುತ್ತಿದ್ದಳು. ಪಾಪನಿವೇದನೆಯಲ್ಲಿ ಹೆಮ್ಮೆಯಿಂದಲೇ ಇದನ್ನು ಹೇಳಿಕೊಂಡಾಗ ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: "ಅವರು ನಿನ್ನನ್ನು ಒಳ್ಳೆಯವನು ಅನ್ನದಿದ್ದರೂ ಮಾಡುತ್ತಿದ್ದೆಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಶಿವಮೊಗ್ಗದಿಂದ:

ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ಪವಿತ್ರ ಗುರುವಾರ ನಡೆಯುವ ಪಾದ ತೊಳೆಯುವ ವಿಧಿಗೆ ಒಂದು ವರ್ಷ ಹನ್ನೆರಡು ಜನರಲ್ಲಿ ನನ್ನನ್ನೂ ಆರಿಸಿದ್ದರು. ನಾನು ಮನೆಯಲ್ಲೇ ಸೋಪು ಹಚ್ಚಿ, ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿಕೊಂಡು ಹೋದೆ. ಪಕ್ಕದವರನ್ನು ಕೇಳಿದರೆ ಅವರದೂ ಅದೇ ಕಥೆ. ಗುರುಗಳು ತೊಳೆದದ್ದು ಆಗಲೇ ತೊಳೆದಿದ್ದ ಇಪ್ಪತ್ತನಾಲ್ಕು ಪಾದ! ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಕೈದಿಗಳ ಪಾದ ತೊಳೆದರು, ಅವರಲ್ಲಿ ಇಬ್ಬರು ಹುಡುಗಿಯರು, ಇಬ್ಬರು ಮುಸ್ಲಿಮರು. ಆ ಹುಡುಗರು ಉಜ್ಜಿಕೊಂಡು ಬಂದಿದ್ದರೋ ಇಲ್ಲವೋ.

ನನ್ನ ಪಾದ ತೊಳೆದ ವರ್ಷದ ಮಳೆಗಾಲದಲ್ಲೇ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಅವರ ಕಾಲು ತೊಳೆಯುವಾಗ ಗಾಯನ ತಂಡ ಇರಲಿಲ್ಲ, ವಾಸನೆ ಇತ್ತು. ಅಪ್ಪ ನಾಚಿಕೆಯಿಂದ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಅವರಿಗೆ ಅದು ನನಗಿಂತ ಕಷ್ಟ ಎಂಬುದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಆಮೇಲೆ ತೊಳೆಯುವಾಗ ಅಡಿಕೆ ಧಾರಣೆಯ ಮಾತು ತೆಗೆಯುತ್ತಿದ್ದೆ.

ಕೇಳಿದವರು, ಮೈಸೂರು, ಮೂರು ವಾರಗಳ ನಂತರ:

ಎಲ್ಲರಿಗೂ ವಂದನೆ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಬರಲು ನಾದಿನಿ ಒಪ್ಪಿದ್ದಾರೆ. ಕೇಳಿದ ಕೂಡಲೇ ಒಪ್ಪಿದರು, ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ. ತಂಡಕ್ಕೆ ಸೇರುವುದನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಜಪಸರ ಅತ್ತೆಯ ಮಂಚದ ಮೇಲೆಯೇ ನಡೆಯುತ್ತಿದೆ, ನಾನು ಎಣಿಕೆ ತಪ್ಪಿದರೆ ಅವರೇ ತಿದ್ದುತ್ತಾರೆ. ಕ್ಯಾಲೆಂಡರನ್ನೂ ಹಾಕಿದೆ. ಈಗ ಅವರು ಯಾವ ವಾರ ಎಂದು ಕೇಳುವುದಿಲ್ಲ. "ಈ ಕ್ಯಾಲೆಂಡರ್ ಇಲ್ಲಿ ಯಾರು ಹಾಕಿದ್ದು?" ಎಂದು ಕೇಳುತ್ತಾರೆ. ನಿನ್ನೆ ಒಂಬತ್ತು ಸಲ. ಏಳನೆಯ ಸಲದವರೆಗೆ ನಾನು ಚೆನ್ನಾಗಿಯೇ ಇದ್ದೆ.